ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿಟ್ಟು ಕಾರು ಓಡಿಸುವುದು

ಏಳು ತಿಂಗಳಿಂದ ನನ್ನ ಕಾರಿನ ಇಂಜಿನ್ ಮೇಲೆ ಪ್ಲಾಸ್ಟಿಕ್ ಕವರ್ ಇಲ್ಲ. ಅದು ಮನೆಯ ಬೀರು ಮೇಲೆ ಹಳೆ ಬೆಡ್‌ಶೀಟ್ ಹೊದ್ದು ಮಲಗಿದೆ. ಕಾರು ಮಾತ್ರ ದಿನಾ ಓಡುತ್ತಿದೆ. ಬಾನೆಟ್ ಎತ್ತಿದಾಗ ಪಕ್ಕದಲ್ಲಿ ನಿಂತವರು ಕೇಳುವುದು ಒಂದೇ ಪ್ರಶ್ನೆ: "ಮುಚ್ಚಳ ಎಲ್ಲಿ? ಹೀಗೇ ಓಡಿಸ್ತೀರಾ? ಏನೂ ಆಗಲ್ವಾ?"

ಓಡಿಸಬಹುದು. ಹೆಚ್ಚಿನ ಕಾರುಗಳಲ್ಲಿ ಏನೂ ಆಗುವುದಿಲ್ಲ. ಆದರೆ ಆ ಹೆಚ್ಚಿನ ಕಾರುಗಳ ಸಾಲಿನಲ್ಲಿ ನಿಮ್ಮದೂ ಇದೆಯಾ ಅನ್ನುವುದನ್ನು ಮೊದಲು ನೋಡಿಕೊಳ್ಳಬೇಕು. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಕವರ್ ಬಿಚ್ಚಿ ಬೋರಲು ಹಾಕಿ ನೋಡಿದರೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ನಾನೂ ಮೆಕ್ಯಾನಿಕ್ ಅಲ್ಲ. ಹನ್ನೊಂದು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ನನ್ನದು. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಇಷ್ಟನ್ನು ನಾನೇ ಬದಲಿಸುತ್ತೇನೆ. ನನ್ನ ವಿದ್ಯೆ ಅಷ್ಟೇ. ಕವರ್ ತೆಗೆಯುವ ಯೋಚನೆಯೂ ನನಗೆ ಇರಲಿಲ್ಲ, ಅದೇ ತೆಗೆಸಿಕೊಂಡಿತು.

ಒಂದು ಸರ್ವಿಸ್ ಆದ ಮೇಲೆ ಹಳ್ಳದಿಣ್ಣೆಯ ರಸ್ತೆಯಲ್ಲಿ ಮುಂದಿನಿಂದ ಟುಕ್ ಟುಕ್ ಅಂತ ಸದ್ದು ಶುರುವಾಯಿತು. ಸಸ್ಪೆನ್ಷನ್ ಇರಬೇಕು ಅಂದುಕೊಂಡು ಸುಮ್ನೆ ಬಿಟ್ಟೆ. ಎರಡು ವಾರದ ಮೇಲೆ ಒಂದು ದಿನ, ಉದ್ದ ಏರು ಹತ್ತಿ ಬಂದು ನಿಲ್ಲಿಸಿದಾಗ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿದೆ. ಕವರಿನ ಹಿಂದಿನ ಮೂಲೆ ಕೆಳಗೆ ಜಾರಿ, ಎಕ್ಸಾಸ್ಟ್ (ಇಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಮೇಲಿನ ತಗಡಿಗೆ ಒರಗಿಕೊಂಡಿತ್ತು. ಒರಗಿದ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲ ಕರಗಿ, ಮೇಣದ ಹಾಗೆ ಇಳಿದು ಗಟ್ಟಿಯಾಗಿತ್ತು. ಕವರನ್ನು ಹಿಡಿದಿಡುವ ನಾಲ್ಕು ರಬ್ಬರ್ ಬುಷ್‌ಗಳಲ್ಲಿ ಒಂದು ಇರಲೇ ಇಲ್ಲ. ಕೆಲಸ ಮಾಡಿದವರು ಬೀಳಿಸಿಕೊಂಡು, ಮೂರರ ಮೇಲೇ ಕೂರಿಸಿ ಕಳಿಸಿದ್ದರು.

ಆವತ್ತಿನಿಂದ ನನ್ನ ಲೆಕ್ಕ ಇದು. ಕವರ್ ಪೂರ್ತಿ ಕೂತಿದ್ದರೆ ತೊಂದರೆ ಇಲ್ಲ. ಪೂರ್ತಿ ಬಿಚ್ಚಿಟ್ಟರೂ ತೊಂದರೆ ಇಲ್ಲ. ಅರ್ಧ ಕೂತ ಕವರ್ ಮಾತ್ರ ಬೇಡವೇ ಬೇಡ. ಸಡಿಲವಾದ ಕವರ್ ಬಿಸಿ ಭಾಗಕ್ಕೆ ತಗುಲಿ ಬೆಂಕಿ ಹತ್ತೀತು ಅಂತ ಕಾರು ಕಂಪನಿಗಳೇ ಮಾರಿದ ಕಾರುಗಳನ್ನು ವಾಪಸ್ ಕರೆದದ್ದೂ ಉಂಟು. ಕವರ್ ಇಲ್ಲದೆ ಓಡಿಸುವುದಕ್ಕೆ ಹೆದರುವ ಜನ, ಒಂದು ಬುಷ್ ಹರಿದ ಕವರ್ ಇಟ್ಟುಕೊಂಡು ನಿಶ್ಚಿಂತೆಯಾಗಿ ಓಡಾಡುತ್ತಾರೆ. ನಾನೂ ಎರಡು ವಾರ ಅದನ್ನೇ ಮಾಡಿದ್ದೆ.

ಯಾವ ಕವರ್ ಅಂತ ಸರಿಯಾಗಿ ತಿಳಿದುಕೊಳ್ಳಿ

ನಾನು ಹೇಳುತ್ತಿರುವುದು ಬಾನೆಟ್ ಎತ್ತಿದ ಕೂಡಲೇ ಎದುರಿಗೆ ಕಾಣುವ, ಕಂಪನಿಯ ಹೆಸರೋ ಲಾಂಛನವೋ ಇರುವ, ಕೈಯಿಂದ ಅಲ್ಲಾಡಿಸಿದರೆ ಸ್ವಲ್ಪ ಮಿಸುಕುವ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಬಗ್ಗೆ ಮಾತ್ರ. ಅದರ ಕೆಳಗೆ ಇನ್ನೊಂದು ಕವರ್ ಇರುತ್ತದೆ. ಗ್ಯಾರೇಜಿನಲ್ಲಿ ಅದನ್ನು ಟ್ಯಾಪೆಟ್ ಕವರ್ ಅನ್ನುತ್ತಾರೆ. ಸುತ್ತ ಸಾಲಾಗಿ ಬೋಲ್ಟ್ ಇರುತ್ತವೆ, ಆಯಿಲ್ ಹಾಕುವ ಬಾಯಿ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ. ಈಗಿನ ಕಾರುಗಳಲ್ಲಿ ಅದೂ ಪ್ಲಾಸ್ಟಿಕ್ಕಿನದೇ ಇರಬಹುದು, ಅದಕ್ಕೇ ಮೋಸ ಹೋಗುವುದು ಸುಲಭ. ಅದನ್ನು ತೆಗೆದು ಸ್ಟಾರ್ಟ್ ಮಾಡಿದರೆ ಬಿಸಿ ಆಯಿಲ್ ಇಂಜಿನ್ ತುಂಬಾ ಎರಚುತ್ತದೆ. ಪಕ್ಕದಲ್ಲಿರುವ ಟೈಮಿಂಗ್ ಬೆಲ್ಟಿನ ಕವರ್ ಕೂಡ ಮುಟ್ಟುವಂತಿಲ್ಲ. ಅದರೊಳಗೆ ಒಂದು ಕಲ್ಲಿನ ಚೂರು ಹೋದರೆ ಇಂಜಿನ್ನೇ ಹೋಗಬಹುದು. ಕಾರಿನ ಅಡಿಯಲ್ಲಿ ಕೆಸರು ತಡೆಯುವ ತಟ್ಟೆಯದ್ದು ಬೇರೆಯೇ ಕಥೆ. ಅದು ಬಿಚ್ಚಿದ್ದರೆ ನೀರು, ಕೆಸರು ನೇರ ಬೆಲ್ಟಿಗೆ ಬಡಿಯುತ್ತದೆ. ಅದನ್ನು ವಾಪಸ್ ಹಾಕಿಸಿ.

ಹೈಬ್ರಿಡ್ ಕಾರಿನವರಿಗೆ ಒಂದು ಮಾತು. ಕವರಿನ ಸುತ್ತಮುತ್ತ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅಲ್ಲಿಗೇ ಕೈ ತೆಗೆಯಿರಿ. ಅದು ಹೈ ವೋಲ್ಟೇಜ್.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕೆಲವು ಇಂಜಿನ್‌ಗಳಲ್ಲಿ ಈ ಮೇಲಿನ ಕವರ್ರೇ ಏರ್ ಫಿಲ್ಟರ್ ಡಬ್ಬಿ. ಹೊರಗಿನಿಂದ ಬರೀ ಮುಚ್ಚಳದ ಹಾಗೆ ಕಾಣುತ್ತದೆ, ಒಳಗೆ ಫಿಲ್ಟರ್ ಇರುತ್ತದೆ. ಒಂದು ಬದಿಯಲ್ಲಿ ಗಾಳಿ ಒಳಬರುವ ಕೊಳವೆ, ಇನ್ನೊಂದು ಬದಿಯಲ್ಲಿ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪ್. ಕವರಿಗೆ ಇಂಥ ಪೈಪ್, ಕ್ಲಾಂಪ್, ಅಥವಾ ವೈರ್ ಸಿಕ್ಕಿಸಿದ ಸೆನ್ಸರ್ ಏನಾದರೂ ಅಂಟಿಕೊಂಡಿದ್ದರೆ ಈ ಲೇಖನ ನಿಮ್ಮ ಕಾರಿಗಲ್ಲ. ಅದನ್ನು ಬಿಚ್ಚಿ ಓಡಿಸಿದರೆ ಧೂಳು ಸೋಸದೇ ಸಿಲಿಂಡರಿಗೆ ಹೋಗಿ, ಒಳಗೋಡೆಯನ್ನು ಗೀರುತ್ತದೆ. ಒಳಗೆ ಹೋಗುವ ಗಾಳಿಯ ಲೆಕ್ಕವೂ ತಪ್ಪಿ ಐಡಲಿಂಗ್ (ಕಾರು ನಿಂತಿರುವಾಗ ಇಂಜಿನ್ ಓಡುವುದು) ಏರುಪೇರಾಗುತ್ತದೆ.

ಬಿಚ್ಚುವುದು

ಇಂಜಿನ್ ತಣ್ಣಗಿರಲಿ. ಕೈ ಸುಡುತ್ತದೆ ಅನ್ನುವುದು ಒಂದು ಕಾರಣ. ಬಿಸಿಯಲ್ಲಿ ರಬ್ಬರ್ ಬುಷ್ ಮೆತ್ತಗಾಗಿ ಗೂಟಕ್ಕೇ ಅಂಟಿಕೊಂಡು ಹರಿಯುತ್ತದೆ ಅನ್ನುವುದು ಇನ್ನೊಂದು. ಹಾಗಂತ ಮೂಳೆ ಕೊರೆಯುವ ಚಳಿಯಲ್ಲೂ ಬೇಡ, ಹಳೆ ಪ್ಲಾಸ್ಟಿಕ್ ಲಟಕ್ ಅಂತ ಮುರಿಯುತ್ತದೆ.

ಮೊದಲು ಮೇಲ್ಗಡೆ ಬೋಲ್ಟ್ ಇದೆಯಾ ನೋಡಿ. ಇದ್ದರೆ ಹೆಚ್ಚಾಗಿ 10 ಎಂಎಂ ಸ್ಪ್ಯಾನರಿನದು, ಇಲ್ಲವೇ ಅಲೆನ್ ಕೀ ಅಥವಾ ನಕ್ಷತ್ರದ ಆಕಾರದ ಟಾರ್ಕ್ಸ್. ಕೆಲವು ಕಡೆ ಬೋಲ್ಟ್ ತಲೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ, ಅದನ್ನು ಉಗುರಿನಿಂದ ಎಬ್ಬಿಸಬೇಕು. ಬೋಲ್ಟ್ ಒಂದೂ ಕಾಣದಿದ್ದರೆ ಕವರ್ ಬುಷ್ ಮೇಲೆ ಕೂತಿದೆ ಅಂತ ಅರ್ಥ. ಇಂಜಿನ್ ಮೇಲೆ ಗುಂಡು ತಲೆಯ ಗೂಟಗಳು, ಕವರಿನ ಅಡಿಯಲ್ಲಿ ಅದಕ್ಕೆ ಸರಿಯಾಗಿ ರಬ್ಬರ್ ಬಟ್ಟಲುಗಳು.

ಎರಡೂ ಕೈಯ ಬೆರಳನ್ನು ಮುಂದಿನ ಮೂಲೆಯ ಅಡಿಗೆ ತೂರಿಸಿ, ಗೂಟಕ್ಕೆ ಎಷ್ಟು ಹತ್ತಿರ ಹಿಡಿಯಬಹುದೋ ಅಷ್ಟು ಹತ್ತಿರ ಹಿಡಿದು, ನೇರ ಮೇಲಕ್ಕೆ ಎತ್ತಿ. ಓರೆಯಾಗಿ ಎಳೆಯಬೇಡಿ. ಟಪ್ ಅಂತ ಒಂದು ಸದ್ದು ಬರಬೇಕು. ನಂತರ ಇನ್ನೊಂದು ಮೂಲೆ, ಇನ್ನೊಂದು ಟಪ್. ಸದ್ದನ್ನು ಎಣಿಸಿ. ನನ್ನ ಕಾರಿನಲ್ಲಿ ನಾಲ್ಕು ಬರಬೇಕಿತ್ತು, ಮೂರೇ ಬಂದವು. ಕೆಲವು ಕವರುಗಳ ಹಿಂಬದಿ ಗೂಟದ ಮೇಲೆ ಕೂರುವುದಿಲ್ಲ, ಒಂದು ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದೆ ಬಿಟ್ಟ ಮೇಲೆ ನಿಮ್ಮ ಕಡೆಗೆ ಎಳೆದುಕೊಂಡರೆ ಬರುತ್ತದೆ. ಬಲ ಜಾಸ್ತಿ ಬೇಕು ಅನ್ನಿಸಿದರೆ ನಿಲ್ಲಿಸಿ. ಎಲ್ಲೋ ಒಂದು ಬೋಲ್ಟ್ ಅಥವಾ ಕ್ಲಿಪ್ ನಿಮ್ಮ ಕಣ್ಣು ತಪ್ಪಿಸಿದೆ.

ಇನ್ನೊಂದು ನಮೂನೆಯ ಕವರಿನಲ್ಲಿ ಆಯಿಲ್ ಕ್ಯಾಪ್ ಮತ್ತು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕವರಿನ ತೂತಿನಿಂದ ಹೊರಗೆ ಬಂದಿರುತ್ತವೆ. ಅವನ್ನು ತೆಗೆಯದೆ ಕವರ್ ಮೇಲೇಳುವುದಿಲ್ಲ. ಹಾಗಿದ್ದರೆ ಸುತ್ತಲಿನ ಧೂಳು ಮೊದಲು ಒರೆಸಿ, ಕ್ಯಾಪ್ ತೆಗೆದು, ಕವರ್ ಎತ್ತಿ, ಉಸಿರು ಬಿಡುವ ಮೊದಲೇ ಕ್ಯಾಪ್ ವಾಪಸ್ ತಿರುಗಿಸಿ. "ಆಮೇಲೆ ಹಾಕಿದರಾಯ್ತು" ಅಂದುಕೊಂಡರೆ ಮರೆಯುತ್ತೀರಿ. ಆ ಬಾಯಿಯೊಳಗೆ ಒಂದು ಕ್ಲಿಪ್ ಬಿದ್ದರೂ ಕೆಲಸ ಕೆಟ್ಟಿತು.

ಬೋರಲು ಹಾಕಿ ನೋಡಿ

ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾಗುವ ಭಾಗ ಇದು. ಕವರಿನ ಮೇಲ್ಮೈ ಬರೀ ಜಾಹೀರಾತು. ಒಳಮೈ ಇಂಜಿನ್ನಿನ ಡೈರಿ.

ಮೊದಲು ಫೋಮ್. ಬೂದು ಅಥವಾ ಕಪ್ಪು ಸ್ಪಂಜಿನ ಹಾಗೆ ಒತ್ತಾಗಿ ತುಂಬಿದ್ದರೆ ಆ ಕವರ್ ಶಬ್ದ ಹೀರುವುದಕ್ಕೆ ಇರುವುದು. ಫೋಮ್ ಇಲ್ಲದ ತೆಳು ತಟ್ಟೆ ಆಗಿದ್ದರೆ ಅದು ಹೆಚ್ಚಾಗಿ ಅಂದಕ್ಕೆ. ಫೋಮನ್ನು ಒತ್ತಿ ಬೆರಳು ನೋಡಿಕೊಳ್ಳಿ. ಬೆರಳಿಗೆ ಆಯಿಲ್ ಹತ್ತಿದರೆ ಕೆಳಗೆ ಎಲ್ಲೋ ಸೋರಿಕೆ ಇದೆ, ಮತ್ತು ಆಯಿಲ್ ಕುಡಿದ ಫೋಮ್ ಅಂದರೆ ಬತ್ತಿ ಇದ್ದ ಹಾಗೆ. ಅಂಥ ಕವರನ್ನು ವಾಪಸ್ ಹಾಕುವುದಕ್ಕಿಂತ ಬಿಚ್ಚಿಡುವುದೇ ವಾಸಿ. ಫೋಮ್ ಮೂಲೆಯಲ್ಲಿ ಕಚ್ಚಿ ಕಿತ್ತಂತಿದ್ದು, ಅಲ್ಲಿ ಒಣಹುಲ್ಲು, ಕಾಗದದ ಚೂರು ಇದ್ದರೆ ಇಲಿ ಸಂಸಾರ ಹೂಡಿದೆ. ವೈರುಗಳನ್ನು ಒಂದೊಂದಾಗಿ ನೋಡಿ.

ಆಮೇಲೆ ಅಕ್ಷರಗಳು. ಒಳಮೈಯಲ್ಲಿ ಎಲ್ಲೋ ಒಂದು ಕಡೆ, ಎರಡು ಬಾಣದ ತುದಿಗಳ ನಡುವೆ, ಪ್ಲಾಸ್ಟಿಕ್ ಯಾವುದು ಅಂತ ಅಚ್ಚು ಹಾಕಿರುತ್ತಾರೆ. "ಪಿಎ66-ಜಿಎಫ್30" ಅಂತಿದ್ದರೆ ಅದು ನೈಲಾನ್, ಬಲ ಬರಲಿ ಅಂತ ನೂರಕ್ಕೆ 30 ಪಾಲು ಗಾಜಿನ ಎಳೆ ಸೇರಿಸಿದ್ದು. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ನನ್ನ ಕವರಿನಲ್ಲಿ ಇದ್ದದ್ದು "ಪಿಪಿ-ಟಿಡಿ20". ಅಂದರೆ ಪಾಲಿಪ್ರೊಪಿಲೀನ್, ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದು. ಅದು 160 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಜೋರಾಗಿ ಓಡಿಸಿದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೈ 500 ಡಿಗ್ರಿ ದಾಟಬಲ್ಲದು. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಬೆರಳಗಲದ ಗಾಳಿಸಂದು ಇರುವವರೆಗೆ ಈ ಎರಡಕ್ಕೂ ಜಗಳವಿಲ್ಲ. ಸಂದು ಹೋದ ದಿನ ನನ್ನ ಕವರಿಗೆ ಆದದ್ದೇ ಆಗುತ್ತದೆ.

ಕೊನೆಯದಾಗಿ ಕ್ಲಿಪ್ಪುಗಳು. ಕೆಲವು ಕವರುಗಳು ವೈರಿಂಗ್ ಕಟ್ಟನ್ನೋ, ಸಣ್ಣ ವ್ಯಾಕ್ಯೂಮ್ ಪೈಪನ್ನೋ ಅದುಮಿ ಹಿಡಿದಿರುತ್ತವೆ. ಒಳಮೈಯಲ್ಲಿ ಅರ್ಧಚಂದ್ರದ ಕೊಕ್ಕೆ ಇದ್ದರೆ, ಅದು ಯಾವುದನ್ನು ಹಿಡಿದಿತ್ತು ಅಂತ ಇಂಜಿನ್ ಮೇಲೆ ಹುಡುಕಿ. ಬಿಚ್ಚುವ ಮೊದಲೇ ಫೋನಿನಲ್ಲಿ ಒಂದು ಫೋಟೊ ತೆಗೆದಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

ಓಡಿಸುವ ಮೊದಲು ಐದು ನಿಮಿಷ

ತೆರೆದ ಇಂಜಿನ್ ಮೇಲೆ ಅಂಗೈ ಆಡಿಸಿ. ಇಂಜಿನ್ ತಣ್ಣಗಿದೆ, ಕೀ ನಿಮ್ಮ ಜೇಬಲ್ಲಿದೆ, ಅದು ಖಾತ್ರಿ ಇರಲಿ. ರೇಡಿಯೇಟರ್ ಫ್ಯಾನ್ ಇಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಲ್ಲದು. ಅಂಗೈಗೆ ಸಿಕ್ಕ ವೈರು, ಪೈಪು ಎಲ್ಲ ಅಲುಗಾಡುತ್ತಾ ಇವೆಯಾ? ಕವರ್ ಹಿಡಿದಿದ್ದ ವೈರಿಂಗ್ ಸಡಿಲವಾಗಿದ್ದರೆ ಕೇಬಲ್ ಟೈ ಹಾಕಿ ಬಿಗಿ ಮಾಡಿ, ಬೆಲ್ಟಿನಿಂದಲೂ ಎಕ್ಸಾಸ್ಟಿನಿಂದಲೂ ದೂರ. ಹರಿದ ಬುಷ್‌ನ ಚೂರು ಗೂಟದ ಮೇಲೇ ಉಳಿದಿದ್ದರೆ ಕಿತ್ತು ಜೋಪಾನ ಮಾಡಿ. ಹೊಸದು ತರುವಾಗ ಅಳತೆಗೆ ಬೇಕು.

ಗೂಟಗಳನ್ನು ಬಿಚ್ಚಬೇಡಿ. ಅವು ಕವರಿಗೆ ಮಾತ್ರ ಅಂತ ಕಂಡರೂ ಕೆಲವು ಇಂಜಿನ್‌ಗಳಲ್ಲಿ ಆ ಗೂಟವೇ ಟ್ಯಾಪೆಟ್ ಕವರನ್ನೋ ಒಂದು ಬ್ರಾಕೆಟ್ಟನ್ನೋ ಬಿಗಿದಿರುವ ಬೋಲ್ಟ್ ಆಗಿರುತ್ತದೆ.

ಮತ್ತೆ ಬಟ್ಟೆ. ಒರೆಸಿದ ಬಟ್ಟೆಯನ್ನು ಒಳಗೇ ಬಿಟ್ಟು ಬಾನೆಟ್ ಮುಚ್ಚುವವರ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಾನು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಾನೆಟ್ ಮುಚ್ಚುತ್ತೇನೆ. ಹೆಗಲು ಖಾಲಿ ಇದ್ದರೆ ಮತ್ತೆ ತೆಗೆದು ನೋಡುತ್ತೇನೆ.

ಮೊದಲ ದಿನದ ಸದ್ದು

ಸ್ಟಾರ್ಟ್ ಮಾಡಿದ ಕೂಡಲೇ ಹೆದರಿಕೆ ಆಗುತ್ತದೆ. ನನಗೂ ಆಯಿತು. ಹೊಲಿಗೆ ಮಿಷನ್ನಿನ ಹಾಗೆ ಟಿಕ್ ಟಿಕ್ ಟಿಕ್. ಹಿಂದಿನ ಸೀಟಿನಿಂದ ಮಗಳು, "ಏನೋ ಬಿಚ್ಚಿಕೊಂಡಿದೆ" ಅಂದಳು. ಏನೂ ಬಿಚ್ಚಿಕೊಂಡಿಲ್ಲ. ಅದು ಇಂಜೆಕ್ಟರುಗಳು ತೆರೆದು ಮುಚ್ಚುವ ಸದ್ದು. ಹಿಂದೆಯೂ ಇತ್ತು, ಫೋಮ್ ನುಂಗುತ್ತಿತ್ತು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಜಿನ್ ಆದರೆ ಹೈ ಪ್ರೆಷರ್ ಪಂಪಿನ ಟಕಟಕವೂ ಸೇರುತ್ತದೆ. ಡೀಸೆಲ್ ಆದರೆ ಕೇಳುವುದೇ ಬೇಡ, ನಿಂತಿರುವಾಗ ಚೆನ್ನಾಗಿಯೇ ಗೊತ್ತಾಗುತ್ತದೆ. ವೇಗ ಹಿಡಿದ ಮೇಲೆ ಗಾಳಿ ಮತ್ತು ಟೈರಿನ ಸದ್ದಿನಲ್ಲಿ ಎಲ್ಲ ಮುಳುಗುತ್ತದೆ.

ಕವರ್ ಬಿಚ್ಚಿದ ಮೊದಲ ದಿನವೇ, ಬಾನೆಟ್ ತೆರೆದಿಟ್ಟು, ಇಂಜಿನ್ ಬಿಸಿಯಾದ ಮೇಲೆ ಐಡಲಿಂಗಿನ ಸದ್ದನ್ನು ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಿಂಗಳಾದ ಮೇಲೆ ಏನೋ ಬದಲಾಗಿದೆ ಅನ್ನಿಸಿದಾಗ ಹೋಲಿಸಲು ಅದೇ ಆಧಾರ. ಸಮನಾದ ಟಿಕ್ ಟಿಕ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಲಯ ತಪ್ಪಿದ ಸದ್ದು, ಹಾವು ಬುಸುಗುಟ್ಟಿದ ಹಾಗೆ ಗಾಳಿಯ ಸದ್ದು, ಒಂದೇ ಸಿಲಿಂಡರಿನ ಬಳಿ ಟಸ್ ಟಸ್ ಅನ್ನುವ ಸದ್ದು ಬಂದರೆ ತೋರಿಸಿ. ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರಿನ ಬುಡದಲ್ಲಿ ಟಾರಿನ ಹಾಗೆ ಕಪ್ಪು ಅಂಟು ಕಟ್ಟಿದ್ದರೆ ಆ ಟಸ್ ಟಸ್‌ಗೆ ಕಾರಣ ಅದೇ. ಸೀಲ್ ಹೋಗಿ ಒಳಗಿನ ಹೊಗೆ ಮೇಲೆ ಬರುತ್ತಿದೆ. ಕವರ್ ಇದ್ದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ ಇದೆ. ಇಂಜಿನ್ ಓಡುವಾಗ ಡೀಸೆಲ್ ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಕಾಮನ್ ರೈಲ್ ಡೀಸೆಲ್ಲಿನಲ್ಲಿ ಒತ್ತಡ 1600 ಬಾರ್, 2000 ಬಾರ್ ಮಟ್ಟಕ್ಕೂ ಏರಬಲ್ಲದು. ಕಣ್ಣಿಗೆ ಕಾಣದ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ.

ಬಿಸಿಯ ವಿಷಯ

ಕವರ್ ತೆಗೆದರೆ ಇಂಜಿನ್ ತಂಪಾಗಿರುತ್ತದೆ, ಮೈಲೇಜ್ ಬರುತ್ತದೆ, ಪಿಕಪ್ ಜಾಸ್ತಿಯಾಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ನಂಬಬೇಡಿ. ಇಂಜಿನ್ನಿನ ಬಿಸಿಯನ್ನು ಹತೋಟಿಯಲ್ಲಿ ಇಡುವುದು ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮತ್ತು ಅದಕ್ಕೆ ದಾರಿ ಬಿಡುವ ವಾಲ್ವ್ ಆದ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 95 ಡಿಗ್ರಿ ನಡುವೆ ಎಲ್ಲೋ ಒಂದು ಕಡೆ ತೆರೆಯುತ್ತದೆ. ಮೇಲೆ ಕವರ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ. ನನ್ನ ಕಾರಿನ ಮುಳ್ಳು ಮೊದಲು ಎಲ್ಲಿ ನಿಲ್ಲುತ್ತಿತ್ತೋ ಈಗಲೂ ಅಲ್ಲೇ. ವ್ಯತ್ಯಾಸ ಇರುವುದು ಆಫ್ ಮಾಡಿದ ಮೇಲೆ. ದಪ್ಪ ಫೋಮ್ ಇರುವ ಕವರ್ ಕಂಬಳಿಯ ಹಾಗೆ ಬಿಸಿಯನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ. ಕೆಲವು ಕಂಪನಿಗಳು ಬೇಕೆಂದೇ ಹಾಗೆ ಮಾಡುತ್ತವೆ, ಮತ್ತೆ ಸ್ಟಾರ್ಟ್ ಮಾಡುವಾಗ ಇಂಜಿನ್ ಬೆಚ್ಚಗಿದ್ದರೆ ಇಂಧನ ಉಳಿಯುತ್ತದೆ ಅಂತ. ನಿಮ್ಮದು ಹಿಮ ಬೀಳುವ ಊರಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀರು

ನನ್ನ ತಪ್ಪು ಇಲ್ಲಿ ನಡೆಯಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಳೆಗೆ ಹೆದರಬೇಕಿಲ್ಲ. ಮೇಲಿಂದ ಬರುವ ನೀರನ್ನು ತಡೆಯುವುದು ಬಾನೆಟ್, ಈ ಕವರ್ ಅಲ್ಲ. ಆರು ವಾರದ ಮಳೆಯಲ್ಲಿ ನನ್ನ ಇಂಜಿನ್ ಮೇಲೆ ಹನಿ ನೀರಿನ ಗುರುತೂ ಕಾಣಲಿಲ್ಲ. ತೊಂದರೆ ಬಂದದ್ದು ಕಾರು ತೊಳೆಸಿದ ದಿನ. ಕವರ್ ಇಲ್ಲ ಅನ್ನುವುದನ್ನು ಹೇಳುವುದು ಮರೆತೆ. ತೊಳೆಯುವ ಹುಡುಗ ಪಾಪ, ಬಾನೆಟ್ ಎತ್ತಿ ಪ್ರೆಷರ್ ಗನ್ನಿನಲ್ಲಿ ಇಂಜಿನ್ನನ್ನೂ ಚೊಕ್ಕ ಮಾಡಿಬಿಟ್ಟ. ಮನೆಗೆ ಬರುವವರೆಗೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾರು ಗಡಗಡ ನಡುಗಿತು. ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಚೆಕ್ ಇಂಜಿನ್ ದೀಪ ಮಿಣಿಮಿಣಿ.

ಆ ದೀಪ ಸುಮ್ಮನೆ ಉರಿದರೆ ಒಂದು ಅರ್ಥ, ಮಿನುಗಿದರೆ ಇನ್ನೊಂದು. ಮಿನುಗುತ್ತಿದೆ ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತಿದೆ, ಅದು ಸೈಲೆನ್ಸರಿಗೆ ಮೊದಲು ಸಿಗುವ, ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಹಾಳು ಮಾಡುತ್ತದೆ. ಆಗ "ಓಡಿಸುತ್ತಾ ಓಡಿಸುತ್ತಾ ಸರಿಹೋಗುತ್ತೆ" ಅಂತ ಹೊರಡಬಾರದು. ಆಫ್ ಮಾಡಿದೆ. ಫೋನಿಗೆ ಸೇರಿಸುವ ಪುಟ್ಟ ಸ್ಕ್ಯಾನರ್ ನನ್ನ ಹತ್ತಿರ ಇತ್ತು. ಪಿ0303 ಅಂತ ತೋರಿಸಿತು. ಕೊನೆಯ ಅಂಕಿ ಸಿಲಿಂಡರಿನ ನಂಬರ್. ಮೂರನೆಯದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಮೂರನೆಯ ಕಾಯಿಲಿನ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ವೈರ್ ಕನೆಕ್ಟರಿನ ಲಾಕ್ ಒತ್ತಿ ಎಳೆದೆ, 10 ಎಂಎಂ ಬೋಲ್ಟ್ ತೆಗೆದೆ, ಕಾಯಿಲನ್ನು ಸ್ವಲ್ಪ ತಿರುಚಿ ಮೇಲಕ್ಕೆ ಎತ್ತಿದೆ. ಕೆಳಗಿನ ರಬ್ಬರಿನಿಂದ ನೀರು ತೊಟ್ಟಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂತಿರುವ ಬಾವಿಯಲ್ಲಿ ನೀರು ಪಳಪಳ ಹೊಳೆಯುತ್ತಿತ್ತು. ಪ್ಲಗ್ಗಿನ ಬಿಳಿ ಕುತ್ತಿಗೆ ಅರ್ಧ ಮುಳುಗಿತ್ತು. ಕವರ್ ಇದ್ದಿದ್ದರೆ ಆ ಗನ್ನಿನ ನೇರ ಏಟು ಅದಕ್ಕೆ ಬಿದ್ದು ಪಕ್ಕಕ್ಕೆ ಹರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಪ್ಲಗ್ ಬಿಚ್ಚಲು ಕೈ ಹಾಕಬೇಡಿ. ಪ್ಲಗ್ ಬಿಚ್ಚಿದರೆ ಬಾವಿಯ ನೀರೆಲ್ಲ ಸಿಲಿಂಡರಿನೊಳಗೆ ಇಳಿಯುತ್ತದೆ. ನಾನು ಸೂಜಿ ಇಲ್ಲದ ಸಿರಿಂಜಿಗೆ ತೆಳು ಪೈಪ್ ಸಿಕ್ಕಿಸಿ ನೀರು ಹೀರಿದೆ. ಉಳಿದದ್ದಕ್ಕೆ ಉದ್ದ ಕಡ್ಡಿಗೆ ಬಟ್ಟೆ ಸುತ್ತಿ ಇಳಿಸಿದೆ. ಆಮೇಲೆ ಹೇರ್ ಡ್ರೈಯರ್ ಹಿಡಿದು ಹತ್ತು ನಿಮಿಷ. ಕಾಯಿಲಿನ ರಬ್ಬರನ್ನೂ ಒಳಗೆ ಹೊರಗೆ ಒಣಗಿಸಿ, ತುದಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. ಉಳಿದ ಮೂರು ಬಾವಿಗಳನ್ನೂ ತೆಗೆದು ನೋಡಿದೆ, ಒಂದರಲ್ಲಿ ತೇವ ಇತ್ತು. ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷ ಕೆಮ್ಮಿ ಸರಿಹೋಯಿತು.

ಈಗ ತೊಳೆಸುವಾಗ ಬಾನೆಟ್ ಲಿವರ್ ಎಳೆಯುವುದೇ ಇಲ್ಲ. ಇಂಜಿನ್ನನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಗಟ್ಟಿ ಜಿಡ್ಡಿಗೆ ಬ್ರಷ್.

ಆಯಿಲ್ ಹಾಕುವಾಗಲೂ ಇದೇ ಬಾವಿಗಳ ಮೇಲೆ ಕಣ್ಣಿರಲಿ. ಮೊದಲು ಚೆಲ್ಲಿದ ಹನಿ ಕವರ್ ಮೇಲೆ ಬೀಳುತ್ತಿತ್ತು, ಒರೆಸಿದರೆ ಮುಗಿಯಿತು. ಈಗ ಕಾಯಿಲಿನ ಬುಡಕ್ಕೋ ಎಕ್ಸಾಸ್ಟ್ ಮೇಲೋ ಹರಿಯುತ್ತದೆ. ಫನೆಲ್ ಬೇಕೇ ಬೇಕು.

ವಾರಕ್ಕೊಮ್ಮೆ ಇಣುಕಿ

ಮರದ ಕೆಳಗೆ ನಿಲ್ಲಿಸುವವರು ಒಣ ಎಲೆ ನೋಡಬೇಕು. ಗಾಜಿನ ಬುಡದ ಜಾಲರಿ ದಾಟಿ ಬಂದ ಎಲೆಗಳು ಎಕ್ಸಾಸ್ಟ್ ಕಡೆ ಸೇರುತ್ತವೆ. ಧೂಳು ಕೂರುತ್ತದೆ, ಅದು ಕೂರಲಿ. ಮಕ್ಕಳು ಬಾನೆಟ್ ಒಳಗೆ ಬಗ್ಗಿ ನೋಡುವ ಮನೆಯಾದರೆ ಅವರನ್ನು ದೂರ ನಿಲ್ಲಿಸಿ. ಕವರ್ ಕೈ ಸುಡದ ಹಾಗೆ ಅಡ್ಡ ಇತ್ತು, ಈಗ ಇಲ್ಲ. ಉದ್ದ ತೋಳಿನ ಸಡಿಲ ಬಟ್ಟೆಯನ್ನು ಮಡಚಿಕೊಳ್ಳಿ.

ಹೊಸ ಕಾರು, ವಾರಂಟಿ ಇನ್ನೂ ಇದೆ ಅಂದರೆ ತೆಗೆಯುವ ಮೊದಲು ಸರ್ವಿಸ್ ಸೆಂಟರಿನವರನ್ನು ಒಂದು ಮಾತು ಕೇಳಿ. ಶಬ್ದದ ತಪಾಸಣೆ ಕಟ್ಟುನಿಟ್ಟಾಗಿರುವ ಕಡೆ, ದಪ್ಪ ಫೋಮಿನ ಕವರ್ ಇಲ್ಲದಿದ್ದರೆ ತಕರಾರು ಬರಬಹುದು. ಕಾರು ಮಾರುವಾಗ ಕವರ್ ಜೊತೆಗೆ ಕೊಡಬೇಕಲ್ವಾ, ಹಾಗಾಗಿ ಎಸೆಯಬೇಡಿ. ಬಿಸಿಲಿಗೆ ಗೋಡೆಗೆ ಒರಗಿಸಿ ಇಟ್ಟರೆ ಬಾಗುತ್ತದೆ. ಮಟ್ಟಸವಾಗಿ ಮಲಗಿಸಿ.

ಕವರ್ ಇಲ್ಲದಿದ್ದರಿಂದ ನನಗೆ ಒಂದು ಲಾಭವೂ ಆಯಿತು. ಮೂರನೇ ತಿಂಗಳಲ್ಲಿ ಟ್ಯಾಪೆಟ್ ಕವರಿನ ಹಿಂದಿನ ಅಂಚಿನಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಕಂಡಿತು. ಒರೆಸಿ, ಒಣಗಿಸಿ, ಎರಡು ದಿನ ಓಡಿಸಿ ಬಿಳಿ ಕಾಗದ ಒತ್ತಿದೆ. ಕಾಗದದ ಮೇಲೆ ಕಂದು ಗೆರೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಆಯಿಲ್ ಹೊರಬರದಂತೆ ತಡೆಯುವ ಪಟ್ಟಿ) ಸೋರಲು ಶುರುವಾಗಿದೆ. ಕವರ್ ಮುಚ್ಚಿಕೊಂಡಿದ್ದರೆ ಅದು ಎಕ್ಸಾಸ್ಟ್ ಮೇಲೆ ಹನಿದು ಹೊಗೆ ಬರುವವರೆಗೆ ನನಗೆ ತಿಳಿಯುತ್ತಿರಲಿಲ್ಲ.

ವಾಪಸ್ ಕೂರಿಸುವುದು

ಬುಷ್ ಒಂದು ಹೋಗಿದ್ದರೂ ನಾಲ್ಕನ್ನೂ ಹೊಸದು ಹಾಕಿ. ಹೋದ ಒಂದರ ಜೊತೆ ಹುಟ್ಟಿದವೇ ಉಳಿದ ಮೂರು, ಅವೂ ಗಟ್ಟಿಯಾಗಿರುತ್ತವೆ. ಬುಷ್ ಮೊದಲು ಕವರಿಗೆ ಸಿಕ್ಕಿಸಿ, ಗೂಟಕ್ಕಲ್ಲ. ಒಳಗೆ ಸಿಲಿಕೋನ್ ಗ್ರೀಸ್ ಒಂದು ತೆಳು ಕೈ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹಿಂದಿನ ಕಚ್ಚು ಇದ್ದರೆ ಅದನ್ನು ಮೊದಲು ಸೇರಿಸಿ, ನಂತರ ಒಂದೊಂದು ಗೂಟದ ನೇರ ಮೇಲೆ ಅಂಗೈ ಇಟ್ಟು ಅದುಮಿ. ನಡುವೆ ಗುದ್ದಬೇಡಿ. ಮತ್ತೆ ನಾಲ್ಕು ಟಪ್ ಎಣಿಸಿ. ಪ್ರತಿ ಮೂಲೆಯನ್ನೂ ಎರಡು ಬೆರಳಿನಿಂದ ಎತ್ತಿ ನೋಡಿ. ಒಂದು ಮೂಲೆ ಎದ್ದು ಬಂದರೂ ಪೂರ್ತಿ ತೆಗೆದು ಮನೆಗೆ ಒಯ್ಯಿರಿ. ಕೇಬಲ್ ಟೈ, ಟೇಪ್ ಹಾಕಿ ಹೊಂದಿಸುವ ಜಾಣತನ ಬೇಡ. ಆ ಜಾಗದ ಬಿಸಿಗೆ ಟೇಪಿನ ಅಂಟು ನಿಲ್ಲುವುದಿಲ್ಲ.

ನನ್ನ ನಾಲ್ಕು ಹೊಸ ಬುಷ್ ಹೋದ ವಾರ ಬಂದಿವೆ. ಪೊಟ್ಟಣ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ. ಆದರೆ ಮೊದಲು ಟ್ಯಾಪೆಟ್ ಪ್ಯಾಕಿಂಗ್ ಬದಲಾಗಬೇಕು. ಬದಲಿಸಿದ ಮೇಲೂ ಎರಡು ವಾರ ಕವರ್ ಹಾಕದೇ ಓಡಿಸಿ, ಅದೇ ಅಂಚಿಗೆ ಮತ್ತೆ ಬಿಳಿ ಕಾಗದ ಒತ್ತಿ ನೋಡಬೇಕು. ಕಾಗದ ಬಿಳಿಯಾಗೇ ಬಂದ ದಿನ ಬೀರು ಮೇಲಿಂದ ಕವರ್ ಇಳಿಸುತ್ತೇನೆ.